ಹಿಗ್ಗಲು ಬಿಟ್ಟ ಸಂದು

ಅರಸೀಕೆರೆ. ಕೊಬ್ಬರಿ ಮಂಡಿಯ ಹಿಂದಿನ ಓಣಿ,
ನನ್ನ ಟ್ಯೂಷನ್ನಿನ ಒಂದೇ ಬಲ್ಬು.
ಹತ್ತನೇ ಕ್ಲಾಸಿನ ಹುಡುಗರೆಲ್ಲ ಹೋದಮೇಲೆ
ಬರುತ್ತಾರೆ ಸೋಮ್ಲಾನಾಯ್ಕರು,
ರೈಲ್ವೆ ಗ್ಯಾಂಗಿನವರು, ನಲವತ್ತೊಂಬತ್ತು ವರ್ಷ,
ಕಂಕುಳಲ್ಲಿ ಇಲಾಖೆ ಪರೀಕ್ಷೆಯ ಗೈಡು,
ಅಂಗೈಯಲ್ಲಿ ಗ್ರೀಸಿನ ವಾಸನೆ.

ಇವತ್ತಿನ ಪದ ಎಗ್ಸಲ್ಟ್.
ಕ್ರಿಯಾಪದ, ಅಕರ್ಮಕ.
ಅಂದರೆ, ಏನನ್ನು ಎಂದು ಕೇಳುವಂತಿಲ್ಲ.
ನುಂಗುವುದಕ್ಕೆ ಮುದ್ದೆ ಬೇಕು, ಹೊರುವುದಕ್ಕೆ ಸ್ಲೀಪರು,
ಇದಕ್ಕೆ ಏನೂ ಬೇಡ.
"ಪುಕ್ಕಟೆಯಾ ಮೇಡಂ?"
ವ್ಯಾಕರಣದಲ್ಲಿ ಪುಕ್ಕಟೆ, ಅಂದೆ.

ಬೇರು ಲ್ಯಾಟಿನ್ನಿನದು, ಮೇಲಕ್ಕೆ ಜಿಗಿಯುವುದು.
ಅವರು ಒಪ್ಪಲಿಲ್ಲ,
ಡ್ಯೂಟಿಯಲ್ಲಿ ಜಿಗಿದರೆ ಚಾರ್ಜ್‌ಶೀಟು.
ಸಂತೋಷಿಸು? ಅದು ಮದುವೆ ಕಾಗದದ ಮಾತು.
ನಲಿ? ಅದು ಒಂದನೇ ಕ್ಲಾಸಿನದು.
ಬೀಗು? "ಬೀಗೋನ ಬಾಯಿಗೆ
ಬೀಗ ಹಾಕ್ತಾರೆ ನಮ್ಮ ತಾಂಡ್ಯದಲ್ಲಿ."
ಕೊನೆಗೆ ಹಿಗ್ಗು ಅಂದೆ,
ಹಿಗ್ಗಿ ಹೀರೇಕಾಯಿ ಆದ ಅಂತಾರಲ್ಲ, ಆ ಹಿಗ್ಗು.

ಆಗ ನೆಟ್ಟಗೆ ಕೂತರು.
"ಹಳಿ ಹಿಗ್ತದೆ ಮೇಡಂ.
ಏಪ್ರಿಲ್ ಮಧ್ಯಾಹ್ನ ಬಾಣಾವರದ ಕಡೆ ಬನ್ನಿ,
ಹಳೇ ಲೂಪ್ ಲೈನಲ್ಲಿ ಹಳಿಗೂ ಹಳಿಗೂ ಮಧ್ಯೆ
ಕಿರುಬೆರಳ ಉಗುರಷ್ಟು ಸಂದು ಬಿಟ್ಟಿರ್ತೀವಿ.
ಬಿಡದೆ ಹೋದ್ರೆ ಕಬ್ಬಿಣಕ್ಕೆ ಹಿಗ್ಗೋಕೆ ಜಾಗ ಇಲ್ದಂಗಾಗಿ
ಹಾವಿನಂಗೆ ಸೊಟ್ಟ ತಿರುಗ್ತದೆ.
ಗಾಡಿ ಬೀಳ್ತದೆ."

ನಾನು ಪುಟ ತಿರುಗಿಸಿದೆ.
ಮುಂದೆ ಇನ್ ಬಂದರೆ, ಅದರಲ್ಲೇ ಮುಳುಗಿ.
ಅ್ಯಟ್ ಬಂದರೆ, ಸುದ್ದಿ ಕೇಳಿ.
ಓವರ್ ಬಂದರೆ, ಸೋತವನ ಮೇಲೆ ನಿಂತು.
ಮೂರನ್ನೂ ಬರೆದುಕೊಂಡು
ಮೂರನೆಯದರ ಮೇಲೆ ಒಂದು ಗೀಟು ಎಳೆದರು.
"ನಮ್ಮ ಗ್ಯಾಂಗಿನ ಪುಟ್ಟೀರಪ್ಪನೂ ಕಟ್ಟಿದಾನೆ.
ಇರೋದು ಒಂದೇ ಪೋಸ್ಟು."

ಸ್ವಂತ ವಾಕ್ಯ ಬರೆದು ತನ್ನಿ ಅಂದಿದ್ದೆ.
ತಂದರು, ಗುಂಡಗಿನ ಅಕ್ಷರ:
ದಿ ರೈಲ್ ಎಗ್ಸಲ್ಟ್ಸ್ ಇನ್ ಏಪ್ರಿಲ್.
ಕೆಂಪು ಇಂಕಿನಲ್ಲಿ ಬರೆದೆ,
ಜೀವ ಇಲ್ಲದ್ದಕ್ಕೆ ಈ ಕ್ರಿಯಾಪದ ಸಲ್ಲದು.
ಅರ್ಧ ಮಾರ್ಕು.

ರಿಸಲ್ಟಿನ ಸಂಜೆ ಬಾಗಿಲಲ್ಲಿ ನಿಂತರು.
ಪಾಸು ಅನ್ನುವುದನ್ನು
ಸಾಲದ ವಿಷಯ ಹೇಳುವವರ ಹಾಗೆ ಹೇಳಿದರು.
ಬೆನ್ನ ಹಿಂದೆ ಇನ್ನೊಬ್ಬ, ಕೈಯಲ್ಲಿ ಟೋಪಿ.
"ಮೂರು ನಂಬರಿಗೆ ಹೋಯ್ತು ಇವನದು.
ಮುಂದಿನ ಸಲಕ್ಕೆ ಸೇರಿಸ್ಕೊಳ್ಳಿ."
ಬೆಂಚಿನ ಮೇಲೆ ಕೂತರು ಇಬ್ಬರೂ,
ನಡುವೆ ಒಂದಿಷ್ಟು ಜಾಗ ಬಿಟ್ಟು.

ಆ ಹಳೇ ನೋಟ್‌ಬುಕ್ಕು ಕೊಡಿ ಇಲ್ಲಿ, ಅಂದೆ.
ಕೆಂಪು ಪೆನ್ನು ಹುಡುಕುವಷ್ಟರಲ್ಲಿ ಕರೆಂಟು ಹೋಯಿತು.
ಜಂಕ್ಷನ್ನಿನ ಕಡೆಯಿಂದ ಗೂಡ್ಸು ಹೊರಟು
ಗೋಡೆಯ ನಕ್ಷೆ, ಮೇಜಿನ ಲೋಟ ನಡುಗಿದವು.
ಕತ್ತಲಲ್ಲಿ ಯಾರೋ ಕಿಸಕ್ಕನೆ ನಕ್ಕರು.
ಇಬ್ಬರಲ್ಲಿ ಯಾರೋ.
ನಾನೂ ಇರಬಹುದು.