ಹಗುರದವ ಮುಂದೆ

ನಮ್ಮಪ್ಪ ಕಡಿಮೆ ಮಾತಿನವ.
ಮುಹು ದ್ವೀಪದ ಚಳಿಗಾಲಕ್ಕೆ ಅಷ್ಟೇ ಸಾಕು.
ಕೊಲ್ಲಿ ಹೆಪ್ಪುಗಟ್ಟಿದ ಮೊದಲ ವಾರ
ಬಲೆ, ಹಾರೆ, ಜಾರುಬಂಡಿ ದಡಕ್ಕೆ ತಂದು
ನನ್ನ ಸೊಂಟಕ್ಕೆ ಹಗ್ಗ ಬಿಗಿದು ಅನ್ನುತ್ತಿದ್ದ:
'ಹಗುರದವ ಮುಂದೆ.'

ನನಗೆ ಒಂಬತ್ತು. ಎಂಡೆಲನಿಗೆ ಹದಿಮೂರು.
ಹಗ್ಗದ ಇನ್ನೊಂದು ತುದಿ ಅವನ ಮುಂಗೈಗೆ ಎರಡು ಸುತ್ತು.
ಅವನ ಹಿಂದೆ ಅಪ್ಪ, ಅಪ್ಪನ ಹಿಂದೆ ಕುದುರೆ.
ತೂಕ ಹೆಚ್ಚಿದಷ್ಟೂ ದಡಕ್ಕೆ ಹತ್ತಿರ.

ಕಪ್ಪು ಗಾಜಿನಂಥ ಐಸು ಹೊರುತ್ತದೆ.
ಬೂದಿ ಬಣ್ಣದ್ದು ನಂಬಿಸಿ ಕೈಬಿಡುತ್ತದೆ.
ಇದನ್ನು ಯಾರೂ ಕಲಿಸಲಿಲ್ಲ,
ಅಂಗಾಲು ಕೇಳಿ ತಿಳಿದುಕೊಂಡಿತು.
ಒಮ್ಮೆ ಎಡಗಾಲು ಮೊಣಕಾಲಿನ ತನಕ ಒಳಗೆ ಹೋಯಿತು.
ಹಗ್ಗ ಜಗ್ಗಿತು. ಬೂಟಿನ ನೀರು ಚೆಲ್ಲಿ
ಎದ್ದು ನಿಂತಾಗ ಅಪ್ಪ ಹೇಳಿದ್ದು:
'ಅಲ್ಲಿ ಬೇಡ, ಬಲಕ್ಕೆ ನಡಿ.'

ಆ ರಾತ್ರಿ ಹೊದಿಕೆಯೊಳಗೆ ಲೆಕ್ಕ ಹಾಕಿದೆ.
ಕುದುರೆ ಸಾಮೂಹಿಕ ಫಾರ್ಮಿನದು,
ಮುಳುಗಿದರೆ ಮೂರು ಕಡೆ ಬರೆದು ಕೊಡಬೇಕು.
ಎಂಡೆಲ್ ಮುಳುಗಿದರೆ ದೋಣಿ ಯಾರಿಗೆ?
ಅಪ್ಪ ಮುಳುಗಿದರೆ ಎಲ್ಲರೂ ಮುಳುಗಿದಂತೆ.
ಕಳೆದು ಕಳೆದು ಉಳಿದವನು
ನಾನು.

ಪಾರ್ನು ಪಟ್ಟಣದಲ್ಲಿ ಬೇಕರಿ ಒಲೆಗಳ ರಿಪೇರಿ ಮಾಡಿದೆ,
ಮೂವತ್ತೆಂಟು ವರ್ಷ.
ಮೇಲಧಿಕಾರಿ 'ಭೇಷ್' ಅಂದಾಗೆಲ್ಲ
ಹಿಂದೆ ಯಾರು ನಿಂತಿದ್ದಾರೆಂದು ತಿರುಗಿ ನೋಡಿದೆ.
ಯಾವ ಮನೆಯ ಹೊಸ್ತಿಲಲ್ಲೂ ಮೊದಲು ಒಂದೇ ಕಾಲಿಟ್ಟೆ.
'ನನ್ನ ಮೇಲೆ ಭಾರ ಹಾಕು, ಮುರಿಯುವುದಿಲ್ಲ'
ಅಂದಿದ್ದಳು ಹಿಲ್ಯಾ, ಮದುವೆಯಾದ ಹೊಸದರಲ್ಲಿ.
ನಕ್ಕುಬಿಟ್ಟೆ.
ಅವಳು ಇನ್ನೊಮ್ಮೆ ಹೇಳಲಿಲ್ಲ.

ಜನ ನನ್ನನ್ನು ಹಗುರವಾಗಿ ಕಂಡದ್ದುಂಟು.
ಅವರಿಗಿಂತ ಮೊದಲು ನಾನೇ ಕಂಡಿದ್ದೆ.
ತಿಂದೆ. ಬೆಣ್ಣೆ, ಹಂದಿ ಕೊಬ್ಬು, ರೈ ರೊಟ್ಟಿ.
ಈಗ ನೂರಾ ನಾಲ್ಕು ಕಿಲೋ.
ಡಾಕ್ಟರು ಬೈಯುತ್ತಾಳೆ. ಇಳಿಸು ಎನ್ನುತ್ತಾಳೆ.
ಆ ಹುಡುಗಿಗೆ ಹೇಗೆ ಹೇಳಲಿ
ಇಳಿಸಿದರೆ ಯಾರ ಮುಂದೆ ನಡೆಯಬೇಕಾಗುತ್ತದೆಂದು?

ಹೋದ ಫೆಬ್ರವರಿ ಎಂಡೆಲನ ಸೌನಾದಲ್ಲಿ ಕೂತಿದ್ದೆವು.
ಬಿಸಿಗಲ್ಲಿಗೆ ನೀರು ಎರಚಿ,
ಹಬೆ ಮುಖ ಮರೆಸಿದ ಮೇಲೆ ಅವನು ಅಂದ:
'ನನ್ನನ್ನು ಒಂದು ದಿನವೂ ಮುಂದೆ ಬಿಡಲಿಲ್ಲ ಅಪ್ಪ.
ಐಸು ಓದುವುದು ಚಿಕ್ಕವನಿಗೆ ಬರುತ್ತೆ,
ನೀನು ಹಗ್ಗ ಹಿಡಿ, ಅಂದ.
ದೋಣಿ ಕೊಟ್ಟದ್ದೂ ಅದಕ್ಕೇ,
ಬೇರೆ ಯಾವುದಕ್ಕೂ ನಾನು ಆಗೋದಿಲ್ಲ ಅಂತ.'

ಎದೆ ಹಗುರಾಗಬೇಕಿತ್ತು.
ಸಿಟ್ಟು ಬಂತು.
ಅರವತ್ತು ವರ್ಷ ಉಂಡು ಉಟ್ಟು ಹೊದ್ದ ದುಃಖ ಅದು,
ಅಪ್ಪ ನನಗೆಂದು ಬಿಟ್ಟುಹೋದ ಒಂದೇ ಆಸ್ತಿ.
ದೋಣಿ ಪಡೆದವನು
ಅದರಲ್ಲೂ ಪಾಲು ಕೇಳಲು ಬಂದನಲ್ಲ!
ಬರ್ಚ್ ಸೊಪ್ಪಿನಿಂದ ಅವನ ಬೆನ್ನಿಗೆ ಬಾರಿಸುವಾಗ
ಒಂದೆರಡು ಏಟು ಜೋರಾಗಿಯೇ ಬಿದ್ದವು.
ಆಮೇಲೆ ಅವನ ಮುಂಗೈ ಹಿಡಿದು ಹುಡುಕಿದೆ,
ಎರಡು ಸುತ್ತಿನ ಗುರುತಿಗಾಗಿ.
ಏನೂ ಇರಲಿಲ್ಲ.
ಮುದುಕನ ಚರ್ಮ, ನೀಲಿ ನರ,
ಆಸ್ಪತ್ರೆಯ ಸೂಜಿ ಚುಚ್ಚಿದ ಕಲೆ.

ಬೆಳಿಗ್ಗೆ ದಡಕ್ಕೆ ಹೋದೆವು. ಈ ವರ್ಷ ಕೊಲ್ಲಿ ಗಟ್ಟಿಯಾಗಲೇ ಇಲ್ಲ.
ಫೆಬ್ರವರಿಯಲ್ಲೂ ಅಲೆ.
ಮರದ ಜಟ್ಟಿಯ ತುದಿಯಲ್ಲಿ ಅವನ ದೋಣಿ,
ನಡುವೆ ಕೊಳೆತ ಹಲಗೆಗಳು.
ಕಾಯಿಲೆಯಿಂದೆದ್ದ ಎಂಡೆಲ್ ಈಗ ಐವತ್ತೆಂಟು ಕಿಲೋ.
ನನ್ನ ಹೊಟ್ಟೆ ನೋಡಿದ, ಹಲಗೆ ನೋಡಿದ,
ಥೇಟ್ ಅಪ್ಪನ ದನಿಯಲ್ಲಿ ಅಂದ:
'ಹಗುರದವ ಮುಂದೆ.'

ಅವನ ಹೆಜ್ಜೆ ಮೂರಾಗುವಷ್ಟರಲ್ಲಿ
ನನ್ನ ಕೈ ಅವನ ಕೋಟಿನ ಬೆಲ್ಟು ಹಿಡಿದಿತ್ತು.
ಹಿಡಿದೆನೆಂಬುದು ಆಮೇಲೆ ಗೊತ್ತಾಯಿತು.
ಹಿಂದೆ ನಿಂತರೆ ಐಸಿಲ್ಲ, ನೀರಿಲ್ಲ, ದಾರಿಯಿಲ್ಲ.
ಒಂದು ಬೆನ್ನು ಮಾತ್ರ ಕಾಣಿಸುತ್ತದೆ.