ಹಗಲು ಮಲಗುವವಳ ಮನೆ

ಮೊದಲ ದಿನ ಗೌಂಡಿ ಮೌಲಾಲಿ ಗುದ್ದಲಿ ತರಲಿಲ್ಲ,
ಒಂದು ಬೋಗುಣಿ ಸುಣ್ಣ ತಂದ.
ಹತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ
ಬೇವಿನ ನೆರಳಿನ ಅಂಚಿಗೆ ಗೆರೆ ಎಳೆದು
"ಗ್ವಾಡಿ ಇಲ್ಲಿ ನಿಲ್ಲಲ್ರೀ ಅಕ್ಕಾ,
ಗಿಡ ಕಡೀಬ್ಯಾಡ್ರಿ" ಅಂದ.
ಕಡಿಯಲು ಆಳು ಗೊತ್ತುಮಾಡಿದ್ದವಳು ನಾನೇ.

ಹನ್ನೆರಡು ಅಡಿಗೆ ಹತ್ತು.
ಪಾಯದಿಂದ ಅಗೆದ ಮಣ್ಣೇ ಮೆತ್ತಲು ಬಂತು.
ಇಟ್ಟಿಗೆ ಶಕ್ತಿನಗರದ ಬೂದಿಯದು:
ನಮ್ಮ ಫ್ಯಾನು ತಿರುಗಲೆಂದು ಉರಿದ ಕಲ್ಲಿದ್ದಲು
ಈಗ ಫ್ಯಾನು ಬೇಡದ ಗೋಡೆ.
ಕಿಟಕಿ ಯಾವುದೋ ಕೆಡವಿದ ಕಚೇರಿಯದು,
ಒಂದು ರೆಕ್ಕೆಗೆ ಇನ್ನೂ ಸರ್ಕಾರಿ ಹಸಿರು.
ಬಚ್ಚಲ ನೀರು ನುಗ್ಗೆಯ ಬುಡಕ್ಕೆ.
ಸೋಪಿಗೆ ನಾನು ಹೆದರಿದೆ, ನುಗ್ಗೆ ಹೆದರಲಿಲ್ಲ.

ಎಸ್ತರ್ ನೋಡಲು ಬಂದದ್ದು ಮಧ್ಯಾಹ್ನ ಎರಡಕ್ಕೆ.
ದವಾಖಾನೆಯಲ್ಲಿ ರಾತ್ರಿ ಪಾಳಿ,
ಮೂರು ಕಡೆ ಬಾಡಿಗೆಗಿದ್ದು ನಿದ್ದೆ ಸಿಗದವಳು.
ನಲ್ಲಿ ಎಂದು ಬರುತ್ತದೆ, ಕರೆಂಟು ಎಷ್ಟು ಹೊತ್ತು,
ಏನೂ ಕೇಳಲಿಲ್ಲ.
ಗೋಡೆಗೆ ಕೆನ್ನೆ ಹಚ್ಚಿ ತುಸು ನಿಂತು
"ಅಡ್ವಾನ್ಸ್ ತಗೋರಿ" ಅಂದಳು.

ಏಪ್ರಿಲ್ಲಿಗೆ ನಮ್ಮ ದೊಡ್ಡ ಮನೆ
ರೊಟ್ಟಿ ಹಂಚು.
ಸ್ಲ್ಯಾಬಿನ ಕೆಳಗೆ ಇವರು ಒದ್ದೆ ಟವೆಲ್ಲಿನಲ್ಲಿ.
ನಾನು ಕುಕ್ಕರು ಕೂಗುವ ಮೊದಲೇ ಇಳಿಸಿ
ತೊಗರಿಬೇಳೆಯ ಮೊರ ಹಿಡಿದು
ನನ್ನದೇ ಹಿತ್ತಲಿಗೆ ಕಳ್ಳಿಯಂತೆ ಬರುತ್ತೇನೆ.
ಅವಳ ಗೋಡೆಗೆ ಬೆನ್ನು ಕೊಡುತ್ತೇನೆ.
ತಂಪು, ಹರವಿಯ ಹೊಟ್ಟೆಯ ಹಾಗೆ.
ಆರಿಸಿದ ಹರಳು ಸದ್ದಾಗದಂತೆ
ಸೆರಗಿಗೆ ಹಾಕಿಕೊಳ್ಳುತ್ತೇನೆ.
ಒಳಗೆ ಅವಳಿಗೆ ನಟ್ಟಿರುಳು.

ಒಗೆಯುವ ಬಂಡೆಯ ಮೇಲೆ
ಮೂರರ ಗೆರೆ ಅರ್ಧ ಅಳಿದಿದೆ.
ಈ ತಿಂಗಳು ನೆರಳು ಅದಕ್ಕಿಂತ
ಒಂದು ಗೇಣು ಈಚೆಗೇ ನಿಲ್ಲುತ್ತಿದೆ.
ಮೌಲಾಲಿ ಸಿಕ್ಕರೆ ಹೇಳಬೇಕು.