ಧಕ್ಕೆ

ನಮ್ಮ ಹಾವೇರಿ ಕಡೆ ಧಕ್ಕೆಯೆಂದರೆ ಪೆಟ್ಟು.
ಮಂಗಳೂರಿನಲ್ಲಿ ಬೋಟು ಕಟ್ಟುವ ಕಟ್ಟೆ.
ಆ ಕಟ್ಟೆಗೆ ಇಳಿಯುವ ಓಣಿಯಲ್ಲಿ ಇದ್ದಿನಬ್ಬನ ಲೇತು,
ಅದರ ಮಾಳಿಗೆಯಲ್ಲಿ ನನ್ನ ಬಾಡಿಗೆ ಕೋಣೆ.
ಕೆಳಗೆ ಬೋಟಿನ ಫ್ಯಾನು, ಮೇಲೆ ಕಪ್ಪುಕುಳಿ;
ಇಬ್ಬರದೂ ತಿರುಗುವುದರದೇ ಕಸುಬು.

ನನ್ನ ಪುಸ್ತಕದ ಕುಳಿ ಒಂಟಿ.
ತೂಕ ಉಂಟು, ಸುತ್ತು ಉಂಟು,
ಹೇಳಿಕೊಳ್ಳುವಂಥ ಮೂರನೆಯದಿಲ್ಲ.
ಅದನ್ನು ತೂಗಬೇಕೆಂದರೆ ಅನಂತ ದೂರ ಹೋಗಿ ನಿಲ್ಲಬೇಕು,
ಏನೂ ಇಲ್ಲದ, ಏನೂ ಬಾರದ ಒಂದು ಜಾಗದಲ್ಲಿ.
ಐದು ವರ್ಷ ಅಲ್ಲೇ ನಿಂತಿದ್ದೆ,
ನಡುನಡುವೆ ಚಹಾಕ್ಕೆ ಇಳಿದು ಬರುತ್ತ.

ಆ ಮಂಗಳವಾರ ಅವನು ನಾಲ್ಕೆಸಳಿನ ಕಂಚನ್ನು
ಎರಡು ಅಲಗಿನ ಮೇಲೆ ಕೂರಿಸಿ, ಬೆರಳಲ್ಲಿ ತಟ್ಟಿ,
ಯಾವ ಎಸಳು ಕೆಳಗೆ ಬಂದು ನಿಲ್ಲುತ್ತದೆಂದು ಕಾಯುತ್ತಿದ್ದ.
ನಿಂತದ್ದನ್ನು ಅರದಿಂದ ಉಜ್ಜಿದ. ಮತ್ತೆ ತಟ್ಟಿದ.
ನಿಲ್ಲಲು ಯಾವುದಕ್ಕೂ ಮನಸ್ಸಿಲ್ಲದಂತಾದಾಗ
“ಇಲ್ಲಿ ಸರಿಯಾಯಿತು” ಅಂದ,
ಇಲ್ಲಿ ಎಂಬುದನ್ನು ತುಸು ಒತ್ತಿ.

“ಎರಡು ತಿಂಗಳಿಗೆ ವಾಪಸ್ ಬರುತ್ತದೆ ನೋಡು,
ಮರಳು ತಿಂದು, ಬಲೆ ಸುತ್ತಿ, ಮೈಯೆಲ್ಲ ಗುಳಿ ಬಿದ್ದು.
ಅಂಗಡಿಯಲ್ಲಿ ತಿರುಗುವುದು ಬೇರೆ ಮಾರಾಯ್ತಿ, ಕಡಲಲ್ಲಿ ಬೇರೆ.
ಅದಿರಲಿ, ನಿನ್ನ ಕುಳಿ ಯಾವ ನೀರಲ್ಲಿ ತಿರುಗುವುದು?”

ನೀರಿಲ್ಲ ಅಂದೆ. ಏನೂ ಇಲ್ಲ.
ಅವನು ಅರ ಕೆಳಗಿಟ್ಟ.
“ಎಂತದೂ ಇಲ್ಲದಿದ್ದರೆ
ಅದು ತಿರುಗುತ್ತದೆ ಅಂತ ಯಾರಿಗೆ ಗೊತ್ತು?”

ಮೇಲೆ ಬಂದು ಫೈಲು ತೆರೆದೆ.
ನಿಜದ ಕುಳಿಗೆ ಸುತ್ತಲೂ ಊರುಂಟು:
ಬೀಳುವ ಅನಿಲ ಸುತ್ತಿನ ದಿಕ್ಕಿಗೇ ಬಿದ್ದರೆ ವೇಗ ಏರುತ್ತದೆ,
ಎದುರಾಗಿ ಬಿದ್ದರೆ ಇಳಿಯುತ್ತದೆ;
ಪಕ್ಕ ಹಾಯುವ ನಕ್ಷತ್ರ ಎಳೆದರೆ ಅಂಚು ಕೊಂಚ ಉಬ್ಬುತ್ತದೆ.
ಎಲ್ಲದರಾಚೆ, ಹಿಗ್ಗುತ್ತಲೇ ಇರುವ ಆಕಾಶ.
ಅನಂತ ದೂರ ಹೋಗಿ ನಿಲ್ಲಲು ಜಾಗವೇ ಇಲ್ಲ,
ಹೋದಷ್ಟೂ ಕಾಲಡಿ ಸರಿಯುತ್ತದೆ
ಅಳಿವೆಯ ಮರಳಿನ ಹಾಗೆ.
ತೂಕವೆಂದರೆ ಯಾರ ತಕ್ಕಡಿ? ಸುತ್ತೆಂದರೆ ಯಾರ ಎದುರು?

ಹಿಗ್ಗಿನ ಅಂಕಿ ಬರೆದೆ: ಬಿಂದುವಿನ ಬಲಕ್ಕೆ
ಐವತ್ತೊಂದು ಸೊನ್ನೆ, ಆಮೇಲೆ ಒಂದು ಒಂದು.
ಯಾವ ದುರ್ಬೀನಿಗೂ ಸಿಗದ ವ್ಯತ್ಯಾಸ.
ಬಿಟ್ಟುಬಿಡಬಹುದು, ಎಲ್ಲರೂ ಬಿಡುತ್ತಾರೆ.
ಕೆಳಗೆ ಅರದ ಸದ್ದು.
ಹೆಬ್ಬೆರಳಿಗಷ್ಟೇ ತಿಳಿಯುವ ಒಂದು ಚಿಟಿಕೆ ಕಂಚಿಗಾಗಿ
ಅವನು ಗಂಜಿ ಆರಲು ಬಿಟ್ಟಿದ್ದ.

ನಾನು ಬಿಡಲಿಲ್ಲ.

ಗುರುವಾರ ಬೋಟು ನೀರಿಗಿಳಿಯಿತು.
ಬೆಂಗ್ರೆಗೆ ದಾಟಿಸುವ ದೋಣಿಯಿಂದ ನೋಡಿದೆ:
ಫ್ಯಾನು ಕಾಣಿಸಲಿಲ್ಲ.
ಹಿಂದೆ ಕದಡಿದ ನೀರು, ಅದರಲ್ಲೊಂದು ಹವಾಯಿ ಚಪ್ಪಲಿ,
ಅಂತರಗಂಗೆಯ ಒಂದು ಗೊಂಚಲು,
ಎರಡೂ ಒಂದೇ ಕಡೆಗೆ ತಿರುಗುತ್ತ.
ನಮ್ಮ ದೋಣಿಯ ಮೂತಿಯೂ ತುಸು ತಿರುಗಿತು.
ಚಿಲ್ಲರೆ ಕೊಡುತ್ತಿದ್ದವನು
ಕಂಬ ಹಿಡಿದುಕೊಂಡ.